ದಸರೆಯ ದಿನ ಸಯನ್‌ನಿಂದ ಕಾಂದಿವಲಿಗೆ, ಒಂದು ಕಾಗದ ಕಡಿಮೆ

ಸಯನ್ ಬಿಟ್ಟಾಗ ಬೆಳಿಗ್ಗೆ ಎಂಟೂವರೆ. ಕಾಂದಿವಲಿಯಲ್ಲಿರುವ ಮಾಮಾನ ಅಣ್ಣನಿಗೆ ಬನ್ನಿ ಕೊಟ್ಟು, ಕಾಲಿಗೆ ನಮಸ್ಕರಿಸಿ, ಊಟ ಮುಗಿಸಿ ಸಂಜೆಯೊಳಗೆ ಹಿಂತಿರುಗುವುದೆಂದು ಮಾತಾಗಿತ್ತು. ಮಾಮಾ ಎಂದರೆ ನನ್ನ ಅಕ್ಕನ ಗಂಡ ಶಿವಪ್ಪ. ವಿಜಾಪುರದ ಕಡೆಯವರು, ಕಟ್ಟಡ ಕೆಲಸದ ಮೇಸ್ತ್ರಿ. ಲೋಕಲ್‌ನಲ್ಲಿ ಹೋಗೋಣವೆಂದು ನಾನಂದೆ. ಪೆಟ್ರೋಲಿನ ದರ ಏರಿದ ಮೇಲೆ ಸ್ಕೂಟರನ್ನು ಹಬ್ಬಕ್ಕೆ ಮಾತ್ರ ಹೊರಗೆ ತೆಗೆಯುವ ಮಾಮಾ ಒಪ್ಪಲಿಲ್ಲ. ಅವರು ಬಿಳಿ ಟೋಪಿ ಹಾಕಿಕೊಂಡು ಹ್ಯಾಂಡಲ್ ಹಿಡಿದರು, ನಾನು ಹಿಂದೆ ಕೂತೆ.

ಹಿಂದಿನ ದಿನ ಆಯುಧಪೂಜೆಗೆ ಸ್ಕೂಟರು ತೊಳೆದವನು ನಾನು. ಮನೆಯಲ್ಲಿ ಬಿ.ಎಸ್ಸಿ. ಓದಿದವನು ನಾನೊಬ್ಬನೇ ಆದ್ದರಿಂದ ಬರೀ ತೊಳೆದು ಬಿಡಲು ಮನಸ್ಸಾಗಲಿಲ್ಲ. ಕಾರ್ಬೊರೇಟರನ್ನೂ, ಅದನ್ನು ಇಂಜಿನಿಗೆ ಸೇರಿಸುವ ಡೊಂಕು ನಳಿಕೆಯನ್ನೂ ಬಿಚ್ಚಿ ಬೆಳ್ಳಿಯ ಪಾತ್ರೆಯಂತೆ ತಿಕ್ಕಿದೆ. ನಳಿಕೆಯ ಬುಡಕ್ಕೆ ಕಪ್ಪಗೆ ಅಂಟಿಕೊಂಡಿದ್ದ ಹರಕು ಕಾಗದವನ್ನು ಕೆರೆದು ಕಸದ ಬುಟ್ಟಿಗೆ ಹಾಕಿದೆ. ಆಮೇಲೆ ಎಲ್ಲವನ್ನೂ ಜೋಡಿಸಿ, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದೆ. ಅಕ್ಕ ಎಲ್ಲರೆದುರು ಹೊಗಳಿದಳು.

ಧಾರಾವಿ ದಾಟಿ, ಕೊಳಚೆ ನೀರು ಸೇರುವ ಮಾಹೀಮಿನ ಖಾಡಿಯ ಕೆಟ್ಟ ಗಾಳಿ ಕುಡಿದು ಬಾಂದ್ರಾ ತಲುಪಿದೆವು. ಟ್ಯಾಕ್ಸಿಗಳಿಗೂ ಕೆಂಪು ಬಸ್ಸುಗಳಿಗೂ ಮಾಲೆ. ಫುಟ್‌ಪಾತಿನಲ್ಲಿ ಎಲೆಗಳ ರಾಶಿ ಹಾಕಿಕೊಂಡು ಹೆಂಗಸರು ‘ಸೋನಂ ಘ್ಯಾ, ಸೋನಂ’, ಬಂಗಾರ ತಗೊಳ್ಳಿ ಎಂದು ಕೂಗುತ್ತಿದ್ದರು. ಉಡುಪಿಯವರ ಹೋಟೆಲಿನಲ್ಲಿ ಇಡ್ಲಿ, ಚಹಾ ಆಯಿತು. ಮುಂದಿನ ಸಿಗ್ನಲ್ಲಿನಲ್ಲಿ ಮಾಮಾ ಎಕ್ಸಲರೇಟರ್ ಪೂರ್ತಿ ಬಿಟ್ಟರೂ ಇಂಜಿನ್ ಅರಚುತ್ತಲೇ ಇತ್ತು.

“ನೋಡೋ, ಪೂಜಾ ಮಾಡಿಸಿಕೊಂಡು ಗಾಡಿಗೆ ಹುರುಪು ಬಂದೈತಿ!” ಎಂದರು ಮಾಮಾ. ನಾನೂ ನಕ್ಕೆ.

ಅಂಧೇರಿ ದಾಟಿದ ಮೇಲೆ ಹೆದ್ದಾರಿ ಖಾಲಿ ಸಿಕ್ಕಿತು. ಬಿಸಿಲು ಏರಿತ್ತು. ಇಂಜಿನಿನ ಸದ್ದು ತೆಳ್ಳಗಾಗುತ್ತ ಬಂದು ತಗಡು ಗೀರಿದ ಹಾಗೆ ಕೇಳತೊಡಗಿತು. ಗೋರೆಗಾಂವಿನ ಹತ್ತಿರ ಒಮ್ಮೆಲೇ ನಿಂತಿತು. ಹಿಂದಿನ ಚಕ್ರ ತಿರುಗುವುದನ್ನೇ ಬಿಟ್ಟಿತು. ಮಾಮಾ ಕ್ಲಚ್ ಹಿಡಿಯುವಷ್ಟರಲ್ಲಿ ಸ್ಕೂಟರು ಅಡ್ಡಡ್ಡ ಜಾರಿತ್ತು. ನಾನು ಬದಿಯ ಹುಲ್ಲಿಗೆ ಬಿದ್ದೆ, ಮಾಮಾ ಡಾಂಬರಿಗೆ. ಹಿಂದೆ ಲಾರಿ. ಬ್ರೇಕಿನ ಕೂಗು, ಸುಟ್ಟ ರಬ್ಬರಿನ ವಾಸನೆ, ಉರುಳಿದ ಬಿಳಿ ಟೋಪಿ ಚಕ್ರದಡಿ ಹೋದದ್ದು: ಈ ಮೂರೂ ಇಂದಿಗೂ ನೆನಪಿಗೆ ಬರುತ್ತವೆ, ಒಮ್ಮೊಮ್ಮೆ ಹಿಂದುಮುಂದಾಗಿ. ಟೋಪಿಗೂ ಮಾಮಾನ ತಲೆಗೂ ನಡುವೆ ಒಂದು ಮೊಳ ಇತ್ತು. ನಾನು ಅಳೆದವನಲ್ಲ. ಆದರೂ ಒಂದು ಮೊಳವೇ.

“ಮರನಾ ಹೈ ಕ್ಯಾ?” ಸಾಯಬೇಕಾ ಎಂದು ಲಾರಿಯವನು ಹಿಂದಿಯಲ್ಲಿ ಚೀರಿ ಹೋದ. ಮಾಮಾ ಮೊಣಕೈಯ ರಕ್ತ ಒರೆಸಿಕೊಳ್ಳುತ್ತ, “ಆರಾಮ ಅದೀ ಏನೋ?” ಎಂದು ನನ್ನನ್ನೇ ಕೇಳಿದರು.

ಮಲಾಡಿನ ಕಡೆಗೆ ಒಂದು ಮೈಲಿಯಷ್ಟು ತಳ್ಳಿದ ಮೇಲೆ ಒಂದು ತಗಡಿನ ಶೆಡ್ಡು ಸಿಕ್ಕಿತು. ಮೆಕ್ಯಾನಿಕ್ ಸಂಜೀವಣ್ಣ ಕಾರ್ಕಳದವರು. ನಟ್ಟು ಬಿಚ್ಚುವ ಅವರ ಪಾನಾಗಳೆಲ್ಲ ಹಲಗೆಯ ಮೇಲೆ ಸಾಲಾಗಿ, ಕುಂಕುಮ ಹಚ್ಚಿಕೊಂಡು ಮಲಗಿದ್ದವು.

“ಇವತ್ತು ಹತ್ಯಾರು ಮುಟ್ಟುವುದಿಲ್ಲ ಮಾರಾಯ್ರೆ. ಪೂಜೆಗೆ ಇಟ್ಟಾಗಿದೆ. ನಾಳೆ ಬನ್ನಿ.”

“ನಾಳೆ ತನಕ ಇಲ್ಲೇ ಕುಂದ್ರೂಣೇನ್ರಿ? ನೋಡಾಕರೆ ಅಡ್ಡಿಲ್ಲಲ್ಲ?” ಎಂದರು ಮಾಮಾ.

“ನೋಡ್ಲಿಕ್ಕೆ ಎಂತ ಅಡ್ಡಿ? ಕಣ್ಣನ್ನು ಪೂಜೆಗೆ ಇಡ್ಲಿಲ್ಲ ನಾನು.”

ಅರ್ಧ ಗಂಟೆ ಇಂಜಿನ್ ಆರಲು ಬಿಟ್ಟರು. ಅಂಟಿಕೊಂಡಿದ್ದ ಪಿಸ್ಟನ್ ಬಿಟ್ಟುಕೊಂಡಿತು. ಕಿಕ್ ಹೊಡೆದಾಗ ಇಂಜಿನ್ ಮತ್ತೆ ಅದೇ ಅರಚಾಟ ಶುರುಮಾಡಿತು. ಸಂಜೀವಣ್ಣ ಬಾಟಲಿಯಿಂದ ನಳಿಕೆಯ ಬುಡಕ್ಕೆ ನಾಲ್ಕು ಹನಿ ಎಣ್ಣೆ ಬಿಟ್ಟರು. ಸದ್ದು ಇಳಿಯಿತು. ಎಣ್ಣೆ ಸಂದಿನೊಳಗೆ ಸೇರಿ ಮಾಯವಾದದ್ದೇ ಸದ್ದು ಮತ್ತೆ ಏರಿತು.

“ಕಂಡಿತಾ? ಇಲ್ಲಿ ಗಾಳಿ ಕದ್ದು ನುಗ್ತಾ ಉಂಟು. ಈ ಇಂಜಿನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಗೇ. ಗಾಳಿ ಹೆಚ್ಚಾದರೆ ಎರಡೂ ಸಾಲುವುದಿಲ್ಲ, ಪಿಸ್ಟನ್ ಕಾದು ಹಿಡೀತದೆ. ಇಲ್ಲಿ ಸಂದು ಮುಚ್ಚಲಿಕ್ಕೆ ಒಂದು ಕಾಗದದ ಗ್ಯಾಸ್ಕೆಟ್ ಇರಬೇಕಿತ್ತು. ಎಲ್ಲಿ ಹೋಯ್ತು?”

ಮಾಮಾ ಕಿಡಿಯಾದರು. “ಹೋದ ತಿಂಗಳ ಧಾರಾವಿಯ ಉಸ್ತಾದ ಸರ್ವಿಸ್ ಮಾಡಿದ್ದ. ಅವನ ಕೆಲಸನ! ನಾಳೆ ಅವನ ಅಂಗಡಿ ಮುಂದ ನಿಂತು ಮಾನಾ ತಗೀತೀನಿ.”

ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮಾಮಾನ ಬರಿದಲೆ ಕಣ್ಣಿಗೆ ಬೀಳುತ್ತಲೇ ಇತ್ತು.

“ಉಸ್ತಾದನ ತಪ್ಪಿಲ್ಲ ಮಾಮಾ. ನಿನ್ನೆ ನಾನ ಕೆರದು ಒಗದೆ. ಕಸ ಅನಕೊಂಡೆ.”

ಮಾಮಾ ಶೆಡ್ಡಿನ ಹೊರಗೆ ಹೋಗಿ ಬೀಡಿ ಹಚ್ಚಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಏನು ಓದಿದ್ದೀರಿ?” ಎಂದರು ಸಂಜೀವಣ್ಣ.

“ಬಿ.ಎಸ್ಸಿ.”

“ಬಿಚ್ಚಲಿಕ್ಕೆ ಅಷ್ಟು ಸಾಕಾಯ್ತು. ಕಟ್ಟಲಿಕ್ಕೆ ನಾನು ಹೇಳಿಕೊಡ್ತೇನೆ. ನಿಮ್ಮ ಗಾಡಿಯ ಪಾನಾಕ್ಕೂ ಪೂಜೆ ಆಗಿದ್ಯಾ?”

“ಇಲ್ಲ, ಕೆಲಸ ಮುಗಿದ ಮೇಲೆ ಡಿಕ್ಕಿಗೆ ಹಾಕಿ ಮರೆತಿದ್ದೆ.”

“ಒಳ್ಳೇದಾಯ್ತು, ತೆಗೀರಿ.”

ಅವರು ಸ್ಟೂಲಿನ ಮೇಲೆ ಕೂತರು, ನಾನು ನೆಲದ ಮೇಲೆ. ನಳಿಕೆ ಬಿಚ್ಚಿ, ಎರಡೂ ಮುಖ ಒರೆಸಿದೆ. ಮಾಮಾನ ಅಣ್ಣನಿಗೆಂದು ತಂದಿದ್ದ ಶರ್ಟಿನ ಡಬ್ಬಿಯ ತೆಳು ರಟ್ಟನ್ನು ನಳಿಕೆಯ ಬಾಯಿಗೆ ಇಟ್ಟು, ಗ್ರೀಸ್ ಮೆತ್ತಿದ ಹೆಬ್ಬೆರಳಿನಿಂದ ಅಂಚಿನ ಸುತ್ತ ಒತ್ತಿದಾಗ ಅದರ ಆಕಾರ ಕಪ್ಪಾಗಿ ಮೂಡಿತು. ಬ್ಲೇಡಿನಿಂದ ಕತ್ತರಿಸುವಾಗ ಮೊದಲನೆಯದು ಹರಿಯಿತು. ಎರಡನೆಯದು ಸರಿಬಂತು. ಎಣ್ಣೆ ಸವರಿ ಕೂರಿಸಿದೆ.

“ಒಂದೇ ನಟ್ಟನ್ನು ಬಿಗಿದು ಮುಗಿಸಬೇಡಿ. ಇತ್ತ ಸ್ವಲ್ಪ, ಅತ್ತ ಸ್ವಲ್ಪ. ಇಲ್ಲದಿದ್ದರೆ ಬಾಯಿ ಸೊಟ್ಟಗಾಗಿ ಪುನಃ ಗಾಳಿ.”

ಬಿಗಿದೆ. ಇಂಜಿನ್ ಶುರುಮಾಡಿ, ಈ ಸಲ ನಾನೇ ಎಣ್ಣೆ ಹನಿಸಿದೆ. ಸದ್ದು ಬದಲಾಗಲಿಲ್ಲ; ಸಂದು ಮುಚ್ಚಿತ್ತು. ಎಕ್ಸಲರೇಟರ್ ಬಿಟ್ಟ ಕೂಡಲೇ ಇಂಜಿನ್ ತಣ್ಣಗೆ ಇಳಿದು ನಿಧಾನವಾಗಿ ಬಡಿಯತೊಡಗಿತು. ಮಲಾಡಿನಿಂದ ಕಾಂದಿವಲಿಯವರೆಗೆ ಮಾಮಾ ನಿಧಾನವಾಗಿ ಓಡಿಸಿದರು.

ಕಾಂದಿವಲಿಯಲ್ಲಿ ಬನ್ನಿ ಕೊಟ್ಟದ್ದು, ಹೋಳಿಗೆ ಉಂಡದ್ದು ಯಾವುದೂ ಸರಿಯಾಗಿ ನೆನಪಿಲ್ಲ. ಮೊಣಕೈಯ ಬಗ್ಗೆ ಅಣ್ಣ ಕೇಳಿದಾಗ ಮಾಮಾ “ಜಾರಿದೆ” ಎಂದಷ್ಟೇ ಹೇಳಿದರು. ನಾಲ್ಕು ಗಂಟೆಗೆ ಹೊರಟಾಗ ನಾನು ಲೋಕಲ್‌ನಲ್ಲಿ ಬರುತ್ತೇನೆಂದೆ.

ಮಾಮಾ ಕಿಕ್ ಮೇಲೆ ಕಾಲಿಟ್ಟವರು ಹಾಗೇ ನಿಂತರು. “ನೀ ಟ್ರೇನಿನ್ಯಾಗ ಹೋದ್ರ, ನೀ ಕಟ್ಟಿದ್ದರ ಮ್ಯಾಲೆ ನಾ ಹ್ಯಾಂಗ ಕುಂದ್ರಲಿ? ಹತ್ತು.”

ಹತ್ತಿದೆ. ಮಲಾಡ್, ಗೋರೆಗಾಂವ್, ಅಂಧೇರಿ, ಬಾಂದ್ರಾ. ರಸ್ತೆ ನೋಡಲಿಲ್ಲ, ಇಂಜಿನಿನ ಸದ್ದನ್ನಷ್ಟೇ ಕೇಳುತ್ತ ಕೂತೆ. ಹಿಂದೆ ಹಾರ್ನ್ ಆದಾಗಲೆಲ್ಲ ಮಾಮಾನ ಅಂಗಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಸಯನ್‌ನಲ್ಲಿ ಬಿಲ್ಡಿಂಗಿನ ಮುಂದೆ ಗಾಡಿ ನಿಂತು, ಇಂಜಿನ್ ಆರಿದ ಮೇಲೂ ನನ್ನ ಮುಷ್ಟಿ ಬಿಚ್ಚಲಿಲ್ಲ. ಮಾಮಾ ಕೂತಲ್ಲಿಂದಲೇ ಕೈ ಹಿಂದೆ ತಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

“ಇಳಿಯೋ,” ಎಂದರು. “ಮನಿ ಬಂತು.”