ಓನರ್ ಆಂಟಿಯ ಎಪ್ಪತ್ತೆರಡು ಮೆಟ್ಟಿಲು

ಕಳೆದ ತಿಂಗಳು ನನ್ನದೇ ಮನೆಯ ಟೆರೇಸನ್ನು ನಾನು ವಾಟ್ಸಾಪ್‌ನಲ್ಲಿ ನೋಡಿದೆ.

ನಗಬೇಡಿ. ಟೆರೇಸ್ ಬಿರುಕು ಬಿಟ್ಟಿದೆ, ಮಳೆಗಾಲಕ್ಕೆ ಮುಂಚೆ ವಾಟರ್‌ಪ್ರೂಫಿಂಗ್ ಮಾಡಿಸಬೇಕು ಅಂತ ಒಬ್ಬರನ್ನು ಕರೆಸಿದ್ದೆ. ಅವರು ಮೇಲೆ ಹೋಗಿ ಏಳೆಂಟು ಫೋಟೋ ತೆಗೆದು ಕಳಿಸಿದರು. ಆಮೇಲೆ ಕೆಳಗೆ ಬಂದು, “ಮೇಡಂ, ಫೋಟೋದಲ್ಲಿ ಸರಿಯಾಗಿ ಗೊತ್ತಾಗಲ್ಲ. ನೀವೇ ಒಂದ್ಸಲ ಬಂದು ನೋಡ್ಬಿಡಿ. ಆಮೇಲೆ ನಾನ್ ಹೇಳಿದ್ದು ಸುಳ್ಳು ಅನ್ಬಾರ್ದು” ಅಂದರು. ಸುಳ್ಳು ಅಂತ ನಾನು ಅಂದೇ ಅನ್ನುತ್ತೇನೆ ಅಂತ ಅವರಿಗೆ ಹೇಗೆ ಗೊತ್ತಾಯಿತೋ! ಸೆರಗು ಸಿಕ್ಕಿಸಿಕೊಂಡು ಹೊರಟೆ.

ಇಪ್ಪತ್ತೆರಡನೇ ಮೆಟ್ಟಿಲಲ್ಲಿ ಕೂತುಬಿಟ್ಟೆ.

ಕಣ್ಣು ಕತ್ತಲೆ ಬಂತು. ಎದೆ ಡವಡವ ಅಂತಿತ್ತು. ಆ ಪುಣ್ಯಾತ್ಮ ಓಡಿಹೋಗಿ ಮೊದಲ ಮಹಡಿಯ ಮನೆಯಿಂದ ಒಂದು ಲೋಟ ನೀರು ತಂದುಕೊಟ್ಟರು. ತಮ್ಮ ಎಸ್ಟಿಮೇಟ್ ಹಾಳೆಯಲ್ಲೇ ನನಗೆ ಗಾಳಿ ಹಾಕಿದರು. “ಬಿಡಿ ಮೇಡಂ, ಫೋಟೋನೇ ಸಾಕು” ಅಂತ ಸಮಾಧಾನ ಬೇರೆ. ಅಷ್ಟು ಅವಮಾನ ನನಗೆ ಈಚೆಗೆ ಆಗಿರಲಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಎಲೆಕ್ಟ್ರಾನಿಕ್ ಸಿಟಿಯ ಬೆನ್ನಿಗೆ ಅಂಟಿಕೊಂಡಿರೋ ಹಳ್ಳಿ ನಮ್ಮದು. ನಾನು ಆನೇಕಲ್‌ನಿಂದ ಮದುವೆಯಾಗಿ ಬಂದಾಗ ಇಲ್ಲಿ ರಾಗಿ ಹೊಲ ಇತ್ತು. ಬೆಳಗಿಂದ ಸಂಜೆವರೆಗೆ ಬಗ್ಗಿ ಕಳೆ ಕೀಳುತ್ತಿದ್ದೆ. ಈಗ ಅಲ್ಲಿ ಗ್ರೌಂಡ್ ಪ್ಲಸ್ ಮೂರು ಬಿಲ್ಡಿಂಗ್ ಇದೆ. ಮೇಲೆಲ್ಲ ಬಾಡಿಗೆಯವರು, ಕೆಳಗೆ ನಾವು. ನಾನು ಕೂತು ಅಂಕಣ ಬರೀತೀನಿ. ಬಾಡಿಗೆಯವರ ಬಾಯಲ್ಲಿ ನಾನು ‘ಓನರ್ ಆಂಟಿ’. (ಲಿಫ್ಟ್ ಇಲ್ವಾ ಅಂತ ಕೇಳಬೇಡಿ. ಲಿಫ್ಟ್‌ಗೆ ಅಂತ ಬಿಟ್ಟಿದ್ದ ಜಾಗದಲ್ಲಿ ಮಹಡಿಗೊಂದು ಸಿಂಗಲ್ ರೂಮ್ ಕಟ್ಟಿಸಿದ್ದೇವೆ. ಐಡಿಯಾ ನನ್ನದೇ.)

ನಾನು ಕೊನೇ ಸಲ ಟೆರೇಸಿಗೆ ಹೋಗಿದ್ದು ಆರು ವರ್ಷದ ಹಿಂದೆ, ಹೊಸ ನೀರಿನ ಟ್ಯಾಂಕ್ ಕೂರಿಸಿದ ದಿನ. ಆಮೇಲೆ ಎಲ್ಲ ಕೆಲಸವೂ ಫೋನಿನಲ್ಲೇ. ಬಿಲ್ಡಿಂಗ್‌ಗೆ ಒಂದು ವಾಟ್ಸಾಪ್ ಗ್ರೂಪ್ ಇದೆ, ಅಡ್ಮಿನ್ ನಾನು. ‘ಟ್ಯಾಂಕ್ ತುಂಬಿದೆ, ಯಾರಾದ್ರೂ ನೋಡಿ.’ ‘ಬಟ್ಟೆ ಒಗೆಯೋ ನೀರು ಜಾಸ್ತಿ ಆಗ್ತಿದೆ.’ ‘ಮೇಲೆ ಯಾರು ಕುಣೀತಿರೋದು?’ ಬೆರಳೊಂದು ಬಿಟ್ಟು ಬೇರೆ ಯಾವ ಅಂಗಕ್ಕೂ ನಾನು ಕೆಲಸ ಕೊಟ್ಟಿರಲಿಲ್ಲ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ: “ನಾನು ಎಕ್ಸರ್‌ಸೈಜ್ ಶುರು ಮಾಡ್ತೀನಿ. ನನ್ನ ಕಾಲಲ್ಲೇ ಟೆರೇಸ್ ಹತ್ತಬೇಕು. ಮಧ್ಯೆ ಎಲ್ಲೂ ಕೂರಬಾರ್ದು.”

ಅವರು ಅತ್ತಿಬೆಲೆಯಲ್ಲಿ ಒಂದು ಫ್ಯಾಕ್ಟರಿಯ ಸೂಪರ್‌ವೈಸರ್. ಮಾತು ಕಡಿಮೆ. “ಒಳ್ಳೇದು” ಅಂದು ಮುದ್ದೆ ಮುರಿದರು.

ಎಲ್ಲಿ ಶುರು ಮಾಡೋದು? ಮೊದಲು ರಸ್ತೆ ನೋಡಿದೆ. ಬೆಳಗ್ಗೆ ಆರಕ್ಕೇ ನೀರಿನ ಟ್ಯಾಂಕರ್, ಕಂಪನಿ ಕ್ಯಾಬ್, ಅದರ ಮಧ್ಯೆ ನಾಯಿಗಳ ಗುಂಪು. ಫುಟ್‌ಪಾತ್ ಇದ್ದ ಕಡೆ ಗುಂಡಿ. ಪಕ್ಕದ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಚೆಂದದ ವಾಕಿಂಗ್ ಟ್ರ್ಯಾಕ್ ಇದೆ ಅಂತ ಹೋದರೆ ಸೆಕ್ಯೂರಿಟಿಯವರು “ಯಾವ ಫ್ಲ್ಯಾಟ್ ಮೇಡಂ?” ಅಂದರು. ಆ ಜಾಗದಲ್ಲಿ ನಮ್ಮ ಮಾವನವರು ಹುರುಳಿ ಒಕ್ಕುತ್ತಿದ್ದರು ಅಂತ ಹೇಳಿದರೆ ಗೇಟ್ ತೆಗೀತಾರಾ? ಜಿಮ್‌ಗೆ ಹೋದೆ. ರಿಸೆಪ್ಷನ್ನಿನ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮಗಳನ್ನ ಸೇರಿಸ್ಬೇಕಾ ಆಂಟಿ?” ಅಂದಳು. ವಾಪಸ್ ಬಂದೆ.

ಬರುವಾಗ ಹೊಳೆಯಿತು. ಅಯ್ಯೋ, ಮನೆಯಲ್ಲೇ ಇದೆಯಲ್ಲ ಮೆಟ್ಟಿಲು! ಮಹಡಿಗೆ ಹದಿನೆಂಟರ ಹಾಗೆ ಟೆರೇಸಿಗೆ ಎಪ್ಪತ್ತೆರಡು. ಫೀಸಿಲ್ಲ, ಗೇಟಿಲ್ಲ, ನಾಯಿ ಇಲ್ಲ.

ಮಾರನೇ ದಿನ ಐದೂಮುಕ್ಕಾಲಿಗೆ ಚೂಡಿದಾರದ ಕೆಳಗೆ ಹೊಸ ಶೂ ಹಾಕಿಕೊಂಡೆ. ಬೀಗದ ಕೈ ಗೊಂಚಲು ಎಂದಿನಂತೆ ಸೊಂಟದಲ್ಲಿ. ಕೈಯಲ್ಲೊಂದು ಪುಟ್ಟ ನೋಟ್‌ಬುಕ್, ಪೆನ್ಸಿಲ್. ದಿನಾ ಎಷ್ಟಾಯಿತು ಅಂತ ಬರೆದಿಟ್ಟರೆ ಹುಮ್ಮಸ್ಸು ಬರುತ್ತೆ ಅಂತ ಯಾವುದೋ ವಿಡಿಯೋದಲ್ಲಿ ಕೇಳಿದ್ದೆ. ಮೊದಲ ದಿನ ಇಪ್ಪತ್ತು ಮೆಟ್ಟಿಲು. ಅಲ್ಲೇ ಗೋಡೆಗೆ ಒರಗಿ ಬರೆದುಕೊಂಡೆ.

ಎರಡನೇ ದಿನ ಹಾಸಿಗೆಯಿಂದ ಏಳಬೇಕಲ್ಲ! ಮೀನಖಂಡ ಕಲ್ಲಾಗಿತ್ತು. ಕಮೋಡ್ ಮೇಲೆ ಕೂರೋಕೆ ಗೋಡೆ, ನಲ್ಲಿ, ದೇವರು ಮೂವರನ್ನೂ ಹಿಡಿದುಕೊಂಡೆ. ಬಿಟ್ಟುಬಿಡೋಣವಾ? ಶೂ ಎರಡು ಸಾವಿರ ಆಗಿತ್ತು. ಬಿಡಲಿಲ್ಲ.

ನಾಲ್ಕನೇ ದಿನ ಮೂವತ್ತು! ಏಳನೇ ದಿನ ಎರಡನೇ ಮಹಡಿ, ಮೂವತ್ತಾರು! ನಂಬ್ತೀರಾ, ಆ ದಿನ ಖುಷಿಗೆ ಒಬ್ಬಳೇ ಚಪ್ಪಾಳೆ ಹೊಡೆದೆ. ಹಸಿವು ಹೊಸದಾಗಿ ಶುರುವಾಯಿತು. ನಿದ್ದೆ ಅಂದರೆ ಹೊಡೆದು ಹಾಕಿದ ಹಾಗೆ ನಿದ್ದೆ. ಐವತ್ತು ದಾಟಿದವಳಿಗೆ ಬೆಳಗಾಗಲಿ ಅಂತ ಕಾಯೋ ಕೆಲಸ ಒಂದು ಸಿಕ್ಕಿತ್ತು. ಯಾರಿಗೆ ಫೋನ್ ಮಾಡಿದರೂ ಮೆಟ್ಟಿಲಿನ ಮಾತೇ. ನನ್ನ ತಂಗಿ ಎರಡು ದಿನ ಫೋನ್ ತೆಗೆಯಲಿಲ್ಲ.

ಅದಕ್ಕಿಂತ ಮನಸ್ಸು ತುಂಬಿದ್ದು ಬಾಡಿಗೆಯವರ ಪ್ರೀತಿ ನೋಡಿ. ಮೂರನೇ ದಿನವೇ ಮೊದಲ ಮಹಡಿಯ ಪ್ರಕಾಶ್ ತನ್ನ ಚಪ್ಪಲಿ ಸ್ಟ್ಯಾಂಡನ್ನು ಮೆಟ್ಟಿಲ ಹತ್ತಿರದಿಂದ ಒಳಗೆ ತೆಗೆದುಕೊಂಡುಹೋಗಿದ್ದ. ಆಂಟಿ ಎಡವಬಾರದು ಅಂತ! ಎರಡನೇ ಮಹಡಿಯವರು ಪ್ಯಾಸೇಜಿಗೆ ಕಟ್ಟಿದ್ದ ಬಟ್ಟೆ ಹಗ್ಗ ಬಿಚ್ಚಿದರು. ಯಾರೋ ಮೆಟ್ಟಿಲು ಗುಡಿಸಿ ಒರೆಸಿದ್ದರು. ನಾನು ಎದುರಾದರೆ ಎಲ್ಲರೂ “ಗುಡ್ ಮಾರ್ನಿಂಗ್ ಆಂಟಿ” ಅಂತ ನೇರ ನಿಂತು ಹೇಳೋರು. “ನೋಡಿದ್ರಾ, ಬೆಂಗಳೂರಲ್ಲಿ ಮನುಷ್ಯತ್ವ ಇಲ್ಲ ಅಂತಾರೆ” ಅಂತ ಯಜಮಾನರ ಹತ್ತಿರ ಹೇಳಿದೆ. ಅವರು ಯಾಕೋ ಕೆಮ್ಮಿದರು.

ಹದಿಮೂರನೇ ದಿನ. ಅವತ್ತು ಕಾಲು ನನ್ನದಲ್ಲ ಅನ್ನೋ ಹಾಗೆ ಹಗುರ. ಮೂವತ್ತಾರಕ್ಕೆ ನಿಲ್ಲಲಿಲ್ಲ. ನಲವತ್ತೈದಕ್ಕೂ ನಿಲ್ಲಲಿಲ್ಲ. ಐವತ್ತೆರಡು, ಐವತ್ಮೂರು, ಐವತ್ನಾಲ್ಕು! ಮೂರನೇ ಮಹಡಿ! ಏದುಸಿರಿನಲ್ಲೇ ನೋಟ್‌ಬುಕ್ ತೆಗೆದು ಬರೆಯುತ್ತಾ, “ಆಯ್ತು! ಇವತ್ತು ಮೇಲಿನವರೆಗೂ ನೋಡೇಬಿಡ್ತೀನಿ!” ಅಂತ ಜೋರಾಗಿ ನನಗೆ ನಾನೇ ಹೇಳಿಕೊಂಡೆ.

ಎದುರಿನ ಬಾಗಿಲು ತೆರೆಯಿತು. ಆ ಮನೆಯಲ್ಲಿ ಶಿಲ್ಪಾ ಅಂತ ಐಟಿ ಕಂಪನಿಯ ಹುಡುಗಿ, ಅವಳ ರೂಮ್‌ಮೇಟ್ ಜೊತೆ ಇದ್ದಾಳೆ. ನೈಟ್ ಡ್ರೆಸ್‌ನಲ್ಲೇ ನಿಂತಿದ್ದಳು. ಕಣ್ಣಲ್ಲಿ ನೀರು.

“ಆಂಟಿ, ಪ್ಲೀಸ್. ಅಮ್ಮನ್ನ ಭಾನುವಾರನೇ ಊರಿಗೆ ಕಳಿಸ್ಬಿಡ್ತೀನಿ. ಮನೆ ಖಾಲಿ ಮಾಡಿಸ್ಬೇಡಿ.”

“ಯಾವ ಅಮ್ಮ?” ಅಂದೆ.

ಅವಳ ಬಾಯಿ ತೆರೆದ ಹಾಗೇ ನಿಂತಿತು. ಅವಳ ಹಿಂದಿನಿಂದ ಅರವತ್ತರ ಆಸುಪಾಸಿನ ಒಬ್ಬ ಹೆಂಗಸು ಸೆರಗು ಹೊದ್ದುಕೊಂಡು ಮುಂದೆ ಬಂದರು. ಕೆಂಪಮ್ಮ. ಕನಕಪುರದ ಕಡೆಯವರಂತೆ. ನನ್ನ ಬಿಲ್ಡಿಂಗಿನಲ್ಲಿ ನಾಲ್ಕು ತಿಂಗಳಿಂದ ಇದ್ದಾರಂತೆ!

ಮೊದಲು ಬಂದದ್ದು ಸಿಟ್ಟು. ಸುಳ್ಳು ಯಾಕೆ ಹೇಳಲಿ? ಅಗ್ರಿಮೆಂಟಿನಲ್ಲಿ ‘ಇಬ್ಬರು ಮಾತ್ರ’ ಅಂತ ನಾನೇ ಹೇಳಿ ಟೈಪ್ ಮಾಡಿಸಿದ್ದೆ. ಟ್ಯಾಂಕರ್ ನೀರಿನ ಊರಿದು, ತಲೆ ಎಣಿಸಿಯೇ ಮನೆ ಕೊಡಬೇಕು. “ನಾಲ್ಕು ತಿಂಗ್ಳಾ? ನನಗೊಂದು ಮಾತು ಹೇಳೋಕಾಗ್ಲಿಲ್ವಾ?” ಅಂದೆ.

“ಹೇಳೋಣ ಅಂದ್ಕೊಂಡೆ ಆಂಟಿ, ಧೈರ್ಯ ಬರ್ಲಿಲ್ಲ. ಅಮ್ಮಂಗೆ ಶುಗರ್ ಜಾಸ್ತಿ ಆಗಿ ಇಲ್ಲೇ ತೋರಿಸ್ತಿದೀನಿ. ದಿನಾ ನಡೀಲೇಬೇಕು ಅಂದಿದಾರೆ ಡಾಕ್ಟ್ರು. ಕೆಳಗೆ ಬಂದ್ರೆ ನೀವು ನೋಡ್ತೀರ ಅಂತ ಬೆಳಗಿನ ಜಾವ ಟೆರೇಸ್‌ಗೆ ಹೋಗಿ ನಡೀತಿದ್ರು. ನೀವು ಮೇಲೆ ಬರಲ್ಲ ಅಂತ ಎಲ್ರಿಗೂ ಗೊತ್ತಲ್ವಾ. ಈಗ ಹತ್ತು ಹನ್ನೆರಡು ದಿನದಿಂದ ನೀವು ದಿನಾ ಬೀಗದ ಕೈ ಇಟ್ಕೊಂಡು ಹತ್ತಿ ಬಂದು, ಮಹಡಿ ಮಹಡೀಲೂ ನಿಂತು ಏನೋ ಬರ್ಕೊಂಡು ಹೋಗ್ತಿದೀರ. ಯಾರ ಮನೇಲಿ ಎಷ್ಟು ಜನ ಅಂತ ಲೆಕ್ಕ ತಗೋತಿದೀರ ಅಂತ ಇಡೀ ಬಿಲ್ಡಿಂಗ್ ಮಾತಾಡ್ತಿದೆ. ಅಮ್ಮ ಹೊರಗೇ ಬಂದಿಲ್ಲ. ಮೊನ್ನೆ ಟೆಸ್ಟ್ ಮಾಡ್ಸಿದ್ರೆ ಶುಗರ್ ಮತ್ತೆ ಏರಿದೆ.”

ಚಪ್ಪಲಿ ಸ್ಟ್ಯಾಂಡ್, ಬಟ್ಟೆ ಹಗ್ಗ, ಒರೆಸಿದ ಮೆಟ್ಟಿಲು, ಎಲ್ಲ ಒಟ್ಟಿಗೆ ಅರ್ಥವಾಯಿತು. ಅಷ್ಟು ದಿನ ನಾನು ಪ್ರೀತಿ ಅಂದುಕೊಂಡಿದ್ದು ಭಯ.

ನೋಟ್‌ಬುಕ್ ಅವಳ ಕೈಗೆ ಕೊಟ್ಟೆ. ಇಪ್ಪತ್ತು, ಇಪ್ಪತ್ತು, ಇಪ್ಪತ್ತೈದು, ಮೂವತ್ತು. ಪಕ್ಕದಲ್ಲಿ ‘ಇವತ್ತು ಮಂಡಿ ಪರವಾಗಿಲ್ಲ’, ‘ನೀರು ಕುಡಿಯಲು ಮರೆತೆ’. ಅವಳು ಓದಿದಳು. ಇನ್ನೊಂದು ಪುಟ ತಿರುಗಿಸಿದಳು. ಅಳುತ್ತಿದ್ದವಳು ನಗೋಕೆ ಶುರು ಮಾಡಿದಳು. ನನಗೆ ನಗು ಬರಲಿಲ್ಲ. ನಾನು ಕಾಲು ಅಲ್ಲಾಡಿಸಲು ಶುರು ಮಾಡಿದ ದಿನವೇ ಇನ್ನೊಬ್ಬರ ಕಾಲು ಕಟ್ಟಿಹಾಕಿದ್ದೆ. ಅದೂ ನನಗಿಂತ ಹೆಚ್ಚು ನಡೆಯಬೇಕಾದ ಕಾಲು. ನಾಚಿಕೆಯಾಯಿತು ಕಣ್ರೀ. ತುಂಬಾ ನಾಚಿಕೆಯಾಯಿತು.

“ಎಲ್ಲಿಗೂ ಕಳಿಸ್ಬೇಡಮ್ಮ. ನಿನಗೆ ಬೇಕಾದಷ್ಟು ದಿನ ಇಲ್ಲೇ ಇರ್ಲಿ” ಅಂದೆ. ಆ ಮಾತು ಹೇಳೋಕೆ ಐವತ್ನಾಲ್ಕು ಮೆಟ್ಟಿಲಿಗಿಂತ ಜಾಸ್ತಿ ಉಸಿರು ಬೇಕಾಯಿತು.

ಕೆಂಪಮ್ಮ ಅಷ್ಟು ಹೊತ್ತೂ ನನ್ನ ಶೂ ನೋಡುತ್ತಿದ್ದರು. “ಅಲ್ಲ ಕಣವ್ವಾ, ಮೇಲ್ಗಂಟ ಓಗ್ತೀನಿ ಅಂತ ಕೂಗ್ದಲ್ಲಾ, ಇಲ್ಲೇ ನಿಂತ್ಬುಟ್ರೆ ಎಂಗೆ? ಇನ್ನ ಅದ್ನೆಂಟೇ ಮೆಟ್ಲು. ನಡಿ” ಅಂದರು.

ನಡೆದೆವು. ಅವರು ಮುಂದೆ, ನಾನು ಹಿಂದೆ. ಅವರು ಬರಿಗಾಲು, ನಾನು ಎರಡು ಸಾವಿರದ ಶೂ. “ಬಾಯಲ್ಲಿ ಉಸ್ರಾಡ್ಬ್ಯಾಡ, ಮೂಗಲ್ಲಿ ಎಳ್ಕೊ. ಕಂಬಿ ಇಡ್ಕೊ, ನಾಚ್ಕೆ ಪಡ್ಬ್ಯಾಡ. ಬಿರ್‌ಬಿರ್ನೆ ಓಗಿ ಯಾರಿಗ್ ತೋರ್ಸ್‌ಬೇಕಾಗೈತೆ?” ಅರವತ್ತು. ಅರವತ್ತೈದು. ತೊಡೆ ನಡುಗಿತು. ಎಪ್ಪತ್ತರಲ್ಲಿ ಕೂರೋಣ ಅನ್ನಿಸಿತು. ಅವರು ತಿರುಗಿ ನೋಡದೆ ಕೈ ಮಾತ್ರ ಹಿಂದಕ್ಕೆ ಚಾಚಿದರು. ಹಿಡಿದುಕೊಂಡೆ.

ಎಪ್ಪತ್ತೆರಡು!

ಗಾಳಿ ಮುಖಕ್ಕೆ ಹೊಡೆಯಿತು. ದೂರದಲ್ಲಿ ಹೊಸೂರು ರಸ್ತೆಯ ಮೇಲ್ಸೇತುವೆ, ಅದರ ಮೇಲೆ ಆಗಲೇ ಸಾಲು ಹಿಡಿದ ಬಸ್ಸು, ಕಾರು. ಕಂಪನಿಗಳ ಗಾಜಿನ ಗೋಡೆ ಮೇಲೆ ಬೆಳಗಿನ ಬಿಸಿಲು. ಬಿರುಕೂ ಕಂಡಿತು, ಫೋಟೋದಲ್ಲಿ ಇದ್ದದ್ದಕ್ಕಿಂತ ಚಿಕ್ಕದು. (ಎಸ್ಟಿಮೇಟ್ ಬಗ್ಗೆ ಆ ಮನುಷ್ಯನ ಹತ್ತಿರ ಮಾತಾಡಬೇಕು.) ಆರು ವರ್ಷದ ಮೇಲೆ ನನ್ನ ಮನೆಯ ನೆತ್ತಿಯ ಮೇಲೆ ನಾನು ನಿಂತಿದ್ದೆ, ನನ್ನ ಕಾಲಿನ ಮೇಲೆ! ಕಿರುಚಿದೆ. ಕೆಂಪಮ್ಮ ನನ್ನ ಬಾಯಿ ಮುಚ್ಚಿಸಿದರು. ನಾಲ್ಕು ತಿಂಗಳ ಅಭ್ಯಾಸ, ಪಾಪ. ಟೆರೇಸಿನಲ್ಲಿ ಸದ್ದಾಗಬಾರದು ಅಂತ ಅವರು ದಿನಾ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದರಂತೆ.

ಈಗ ದಿನಾ ಐದೂಮುಕ್ಕಾಲಿಗೆ ಅವರೇ ಕೆಳಗಿಳಿದು ಬಂದು ನಮ್ಮ ಬಾಗಿಲು ಬಡಿಯುತ್ತಾರೆ. “ಓನರವ್ವಾ, ಎದ್ಯಾ?” ಒಟ್ಟಿಗೆ ಹತ್ತುತ್ತೇವೆ, ಮೇಲೆ ಇಪ್ಪತ್ತು ಸುತ್ತು. ನಿನ್ನೆ ಅವರ ಶುಗರ್ ಇಳಿದಿದೆ ಅಂತ ಶಿಲ್ಪಾ ಗ್ರೂಪಿನಲ್ಲಿ ಹಾಕಿದಳು. ನನ್ನದು ಎರಡು ಕೆಜಿ ಇಳಿದಿದೆ ಅಂತ ನಾನೂ ಹಾಕಿದೆ. ಆ ಗ್ರೂಪಿನಲ್ಲಿ ಮೊದಲ ಸಲ ಯಾರೋ ನನಗೆ ಹೃದಯದ ಚಿಹ್ನೆ ಕಳಿಸಿದರು.

ಟೆರೇಸ್ ಹತ್ತಿದ ಆ ಸಂಜೆಯೇ ಯಜಮಾನರ ಹತ್ತಿರ ಇದನ್ನೆಲ್ಲ ಉಸಿರು ಬಿಡದೆ ಹೇಳಿದೆ. ಕೆಂಪಮ್ಮನ ವಿಷಯಕ್ಕೆ ಬಂದಾಗ ಅವರ ಮುಖದಲ್ಲಿ ಒಂಚೂರೂ ಆಶ್ಚರ್ಯ ಇಲ್ಲ.

“ನಿಮಗೆ ಗೊತ್ತಿತ್ತಾ?”

“ಟ್ಯಾಂಕ್ ನೋಡೋಕೆ ಹೋದಾಗ ಎರಡು ಮೂರು ಸಲ ಸಿಕ್ಕಿದ್ರು.”

“ಮತ್ತೆ ನನಗ್ಯಾಕೆ ಹೇಳ್ಲಿಲ್ಲ?”

“ನಿನಗೆ ಹೇಳೋದಾ!” ಅಂದರು. ಮೂವತ್ತು ವರ್ಷ ಸಂಸಾರ ಮಾಡಿದ ಮನುಷ್ಯ.

ಹತ್ತುವುದು ಈಗ ಸುಲಭವಾಗಿದೆ, ಉಸಿರೂ ಮೊದಲಿನಷ್ಟು ಕಟ್ಟುವುದಿಲ್ಲ. ಒಂದು ಪ್ರಶ್ನೆ ಮಾತ್ರ ಪ್ರತಿ ಮಹಡಿಯಲ್ಲೂ ನಿಲ್ಲಿಸುತ್ತದೆ: ಆರು ವರ್ಷ ಕೂತಲ್ಲಿಂದ ಅಲ್ಲಾಡದವಳನ್ನು ಕಂಡು ಇಷ್ಟು ಜನ ಹೆದರಿಕೊಂಡು ಬದುಕಬೇಕಾದರೆ, ನಾನು ಕೂತಲ್ಲೇ ಏನೇನು ಮಾಡಿದ್ದೆ?