ಮೋರಿಯಾಚೆಗೆ ಮೀನು ಹೊರುವ ಮಾರ್ಲಿಸ್

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನವೆಂಬರಿನ ಜಿನುಗು ಮಳೆ. ಎದೆಮಟ್ಟದ ರಬ್ಬರ್ ದಿರಿಸು ತೊಟ್ಟು ಸೋರೆಲ್ ಹಳ್ಳದಲ್ಲಿ ನಿಂತಿರುವ ಮಾರ್ಲಿಸ್ ಟ್ವೈಟ್, ಮೊಟ್ಟೆಯಿಡಲು ಕಡಲಿನಿಂದ ಹಳ್ಳ ಹತ್ತಿ ಬಂದ ಒಂದು ಸಾಲ್ಮನ್ ಮೀನನ್ನು ಬಲೆಯಿಂದ ಎತ್ತಿ ನೀರು ತುಂಬಿದ ಚೀಲಕ್ಕೆ ಇಳಿಸುತ್ತಾರೆ. ಚೀಲವನ್ನು ತಬ್ಬಿಕೊಂಡು ದಂಡೆ ಹತ್ತಿ, ರಸ್ತೆ ದಾಟಿ, ಆಚೆ ಬದಿಯಲ್ಲಿ ಅದೇ ಹಳ್ಳದ ನೀರಿಗೆ ಬಿಡುತ್ತಾರೆ. ಮತ್ತೆ ಹಳ್ಳಕ್ಕಿಳಿಯುತ್ತಾರೆ. ರಸ್ತೆಯ ಮೇಲೆ ಹಾಲಿನ ಲಾರಿಯೊಂದು ಹಾರ್ನ್ ಹೊಡೆಯುತ್ತ ನಿಂತಿದೆ.

"ಕೌಂಟಿ ಟ್ಯಾಕ್ಸಿ ಬಂತು, ದಾರಿ ಬಿಡ್ರಪ್ಪಾ!" ಎಂದು ಬಲೆ ಹಿಡಿದ ಲೆನೋರಾ ಜೋ ಕೂಗುತ್ತಾರೆ. ಅವರು ಇಲ್ಲಿನ ಮೂಲನಿವಾಸಿ ಬುಡಕಟ್ಟಿನ ಮೀನುಗಾರಿಕೆ ವಿಭಾಗದವರು. ಹೀಗೆ ಮೀನು ಹೊರಲು ಪರವಾನಗಿ ಪಡೆದಿರುವುದೂ ಆ ಬುಡಕಟ್ಟೇ. ಕೌಂಟಿಯ, ಅಂದರೆ ಇಲ್ಲಿನ ಜಿಲ್ಲಾಡಳಿತದ, ನೌಕರರಾದ ಮಾರ್ಲಿಸ್ ಮಾತ್ರ ನಗುವುದಿಲ್ಲ.

"ನಗು ಎಲ್ಲಿಂದ ಬರಬೇಕು? ರಸ್ತೆ ನಮ್ಮ ಕೌಂಟಿದು, ಅದರಡಿ ಮೋರಿ ನಮ್ಮದು. ಮೀನು ಮೇಲೆ ಹತ್ತಕ್ಕಾಗದೆ ಒದ್ದಾಡ್ತಿರೋದೂ ನಮ್ಮಿಂದಾನೇ. ಹಾರ್ನ್ ಹೊಡೆದಾಗ ತಲೆ ಎತ್ತೋಕೆ ನಾಚಿಕೆ ಆಗುತ್ತೆ."

ದಿನವೂ ಎಂಟು ಗಂಟೆಗೆ ಅವರು ಬಟ್ಟೆ ಬದಲಿಸಿ ಕೌಂಟಿ ಕಚೇರಿಯ ಮೇಜಿನ ಹಿಂದೆ ಕೂರುತ್ತಾರೆ. ಸಾಲ್ಮನ್ ಮರಳಿ ಬರಲಿ ಎಂದು ರಾಜ್ಯ ಕೊಡುವ ಅನುದಾನ ಯಾವ ಹಳ್ಳಕ್ಕೆ ಮೊದಲು, ಯಾವುದಕ್ಕೆ ಆಮೇಲೆ ಎಂದು ತೀರ್ಮಾನಿಸುವ ಸಮಿತಿಗೆ ಅವರು ಸಂಯೋಜಕಿ. ರೈತರು, ಬುಡಕಟ್ಟಿನವರು, ಮೇಯರ್‌ಗಳು, ಮೀನು ವಿಜ್ಞಾನಿಗಳು ಎಲ್ಲರೂ ಅಲ್ಲಿದ್ದಾರೆ. ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗೆ ಆಗದು. ಇವರೆಲ್ಲರನ್ನೂ ಕರೆದು, ಕಾಫಿ ಕೊಟ್ಟು, ಜಗಳ ಮುಗಿಯುವವರೆಗೆ ಕಾದು ಕೂರುವುದೇ ಮಾರ್ಲಿಸ್ ಕೆಲಸ. ಅವರಿಗೆ ಮತವಿಲ್ಲ. ಯಾವ ಯೋಜನೆಯ ಪರವಾಗಿಯೂ ವಿರೋಧವಾಗಿಯೂ ಸಂಯೋಜಕರು ಬಾಯಿ ಬಿಡಬಾರದು ಎಂಬುದು ಅಲ್ಲಿಯ ಕಟ್ಟುನಿಟ್ಟಿನ ರೂಢಿ. ಹತ್ತೊಂಬತ್ತು ವರ್ಷ ಅವರು ಅದನ್ನು ಮೀರಿರಲಿಲ್ಲ.

ಹಳ್ಳದ ಮೇಲ್ಗಡೆ ಹೈನುಗಾರ ಗೆರಿಟ್ ಹೂಕ್ಸ್ಟ್ರಾ ಅವರ ಹುಲ್ಲುಗಾವಲಿದೆ. "ನಿಮ್ಮ ಕೊಟ್ಟಿಗೆ ಹಿಂದೇನೇ ಸಾಲ್ಮನ್ ಮೊಟ್ಟೆ ಇಡುತ್ತೆ" ಎಂದು ನಾಲ್ಕು ವರ್ಷದ ಹಿಂದೆ ಅವರನ್ನು ಒಪ್ಪಿಸಿದವರು ಮಾರ್ಲಿಸ್. ಮುದುಕ ಹಳ್ಳದ ದಂಡೆಯ ನೆಲವನ್ನು, ನೀರಿಗೆ ನೆರಳಾಗಲೆಂದು, ಮರ ನೆಡಲು ಬಿಟ್ಟುಕೊಟ್ಟರು. ಅನುದಾನದಲ್ಲಿ ಅವರ ಜಮೀನಿನ ಹಳೆಯ ಮೋರಿ ಕಿತ್ತು ಪುಟ್ಟ ಸೇತುವೆ ಕಟ್ಟಿದರು. ನಮ್ಮ ಪತ್ರಿಕೆಯೂ ಫೋಟೋ ಹಾಕಿತು. ಮೀನು ಮಾತ್ರ ಬರಲಿಲ್ಲ.

ಕೆಳಗೆ ಕೌಂಟಿ ರಸ್ತೆಯ ಮೋರಿಯ ಬಾಯಿ, ಮೀನು ಬರುವ ಶರತ್ಕಾಲದಲ್ಲಿ, ಅವು ಹತ್ತಲಾರದಂತೆ ನೀರಿಗಿಂತ ಮೊಣಕಾಲೆತ್ತರ ಮೇಲೆ ತೂಗುತ್ತಿತ್ತು. ರಸ್ತೆ ವಿಭಾಗದವರು ಅದನ್ನು ನೋಡಿದ್ದು ವಸಂತದಲ್ಲಿ, ಹಳ್ಳ ತುಂಬಿ ನೀರು ಮೋರಿಯ ಬಾಯಿ ಮುಟ್ಟಿದ್ದಾಗ. ತೊಂದರೆ ಇಲ್ಲ ಎಂದು ಬರೆದುಬಿಟ್ಟರು. ಗೆರಿಟ್ ಅವರ ಮೋರಿಯೊಳಗೆ ತಾವೇ ತೆವಳಿ ಅಳೆದಿದ್ದ ಮಾರ್ಲಿಸ್, ತಮ್ಮ ಕೌಂಟಿಯ ಮೋರಿಯ ವಿಷಯಕ್ಕೆ ಸಹೋದ್ಯೋಗಿಗಳ ಮಾತನ್ನೇ ನಂಬಿದರು.

"ಬೇರೆಯವರ ಮನೆ ಬಚ್ಚಲು ಬಗ್ಗಿ ನೋಡ್ದೆ, ನಮ್ಮನೇದು ನೋಡ್ಲಿಲ್ಲ" ಎನ್ನುತ್ತಾರೆ. ಆ ರಸ್ತೆಯಲ್ಲಿ ದಿನವೂ ಓಡಾಡುವ ನಾವ್ಯಾರೂ ಕಾರು ನಿಲ್ಲಿಸಿ ನೋಡಿದವರಲ್ಲ.

ಮೀನು ಹೊರುವ ಕೆಲಸ ಶುರುವಾದದ್ದು ಹೋದ ವರ್ಷ. ಗೆರಿಟ್‌ಗೆ ಅದು ಗೊತ್ತಿರಲಿಲ್ಲ. ಮಂಡಿನೋವಿನಿಂದ ಅವರು ರಸ್ತೆಯವರೆಗೆ ಬರುವುದೇ ಅಪರೂಪ. ಒಂದು ಬೆಳಿಗ್ಗೆ ಅಡುಗೆಮನೆ ಕಿಟಕಿಯಿಂದ ಹಳ್ಳದಲ್ಲಿ ಮೀನುಗಳ ಕೆಂಪು ಬೆನ್ನುಗಳನ್ನು ಕಂಡು, "ಬಂದ್ವು ಮಾರ್ಲಿಸ್, ಬಂದೇಬಿಟ್ವು!" ಎಂದು ಫೋನಿನಲ್ಲಿ ಕಿರುಚಿದರು.

"ಆಗ ಹೇಳ್ಬೇಕಿತ್ತು. ಅವರ ಖುಷಿ ಕೇಳಿ ಬಾಯೇ ಬರ್ಲಿಲ್ಲ" ಎನ್ನುತ್ತಾರೆ ಮಾರ್ಲಿಸ್.

ಈ ವರ್ಷದ ವಸಂತದಲ್ಲಿ ಕೌಂಟಿಯ ಮೋರಿ ಕೀಳುವ ಪ್ರಸ್ತಾಪ ಸಮಿತಿಯ ಮುಂದೆ ಬಂತು. ಗೆರಿಟ್ ಕೋಲೂರಿ ಎದ್ದು, "ಮೀನು ತಾನಾಗೇ ಬರ್ತಿದೆಯಲ್ಲ, ಆ ಮೋರಿಗೆ ಯಾಕೆ ದುಡ್ಡು ಸುರೀತೀರಿ? ಬೇರೆ ಹಳ್ಳಕ್ಕೆ ಕೊಡಿ" ಎಂದರು. ನಾನೂ ಆ ಸಭೆಯಲ್ಲಿದ್ದೆ. ಹೆಚ್ಚಿನವರು ಹೌದೆಂದು ತಲೆಯಾಡಿಸುತ್ತಿದ್ದರು. ಇನ್ನೊಂದು ನಿಮಿಷ ಕಳೆದಿದ್ದರೆ ಮೋರಿ ಅಲ್ಲೇ ಉಳಿಯುತ್ತಿತ್ತು.

ಮಾರ್ಲಿಸ್ ಎದ್ದು ನಿಂತರು. "ಅವು ತಾನಾಗಿ ಬಂದಿಲ್ಲ ಗೆರಿಟ್. ನಾವು ಹೊತ್ತು ತಂದು ಬಿಟ್ವಿ. ನಿಮಗೆ ಹೇಳದೆ ಇದ್ದದ್ದು ನನ್ನ ತಪ್ಪು."

ಮುದುಕ ಟೋಪಿ ಎತ್ತಿಕೊಂಡು ಹೊರಗೆ ನಡೆದರು. ಮೋರಿಗೆ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಕ್ಕಿತು. ಆದರೆ ಮೀನಿಲ್ಲದ ಬೇಸಿಗೆಯಲ್ಲಷ್ಟೇ ಹಳ್ಳದಲ್ಲಿ ಯಂತ್ರ ಇಳಿಸಬಹುದು. ಹಣ ಮಂಜೂರಾಗುವಷ್ಟರಲ್ಲಿ ಈ ವರ್ಷದ ಬೇಸಿಗೆ ಕಳೆದಿತ್ತು, ಅದಿನ್ನು ಮುಂದಿನ ವರ್ಷದ ಮಾತು. ಅಲ್ಲಿಂದ ಇಲ್ಲಿಯವರೆಗೆ ಗೆರಿಟ್ ಮಾರ್ಲಿಸ್ ಜೊತೆ ಮಾತಾಡಿಲ್ಲ.

ಇವತ್ತು ಬೆಳಗಾಗುವ ಹೊತ್ತಿಗೆ ಮಣ್ಣು ಮೆತ್ತಿದ ಪಿಕಪ್ ಗಾಡಿಯೊಂದು ಬಂದು ರಸ್ತೆಗೆ ಅಡ್ಡಲಾಗಿ ನಿಲ್ಲುತ್ತದೆ. ಕೋಲೂರಿ ಇಳಿದವರು ಗೆರಿಟ್. ಲಾರಿಯವನು ಮತ್ತೆ ಹಾರ್ನ್ ಒತ್ತಿದರೆ ಅವನತ್ತ ಕೋಲು ಎತ್ತುತ್ತಾರೆ.

"ಸುಮ್ನಿರೋ! ಮೀನಮ್ಮ ಹೆರಿಗೆಗೆ ಹೊರಟಿದಾಳೆ, ಕಾಣಲ್ವಾ?"

ಲೆನೋರಾ ಬಿದ್ದು ಬಿದ್ದು ನಗುತ್ತಾರೆ. ಮಾರ್ಲಿಸ್ ಚೀಲ ತಬ್ಬಿಕೊಂಡು ನಡುರಸ್ತೆಯಲ್ಲಿ ನಿಂತುಬಿಡುತ್ತಾರೆ. "ಗೆರಿಟ್, ನಾನು..."

"ಮೊದಲು ಮೀನು ಬಿಡು. ನಿನ್ನ ಬೈಯೋದು ಆಮೇಲೆ."

ಮೀನು ಬಾಲ ಬಡಿದು ನೀರಿನೊಳಗೆ ಮಾಯವಾಗುತ್ತದೆ. ನಿಮ್ಮ ಆಸೆ ಏನು ಎಂದು ನಾನು ಮಾರ್ಲಿಸ್ ಅವರನ್ನು ಕೇಳುತ್ತೇನೆ. ಒದ್ದೆ ಕೈ ಒರೆಸಿಕೊಳ್ಳುತ್ತ ಅವರು, "ಮುಂದಿನ ವರ್ಷ ಒಂದೇ ಒಂದು ಮೀನು ನನ್ನ ಕೈ ತಾಗದೆ ಈ ರಸ್ತೆ ಅಡಿ ದಾಟಬೇಕು. ಆವತ್ತು ಗೆರಿಟ್‌ಗೆ ನಾನೇ ಫೋನ್ ಮಾಡ್ಬೇಕು" ಎನ್ನುತ್ತಾರೆ.

"ಫೋನ್ ಬೇಡ" ಎನ್ನುತ್ತಾರೆ ಗೆರಿಟ್. "ಇಲ್ಲೇ ಬಂದು ಕೂತು ನೋಡ್ತೀನಿ. ನಿನ್ನ ಮಾತು ಇನ್ನು ನಂಬಲ್ಲ."

"ಸರಿ" ಎಂದು ಮಾರ್ಲಿಸ್ ಖಾಲಿ ಚೀಲ ಎತ್ತಿಕೊಂಡು ಹಳ್ಳಕ್ಕಿಳಿಯುತ್ತಾರೆ.