ಕಣ್ಣಿಗೊತ್ತಿಕೊಂಡ ಹಾಳೆ

ಜಪಾನಿನ ಪದ್ಧತಿಯಲ್ಲಿ ಹಳೆಯ ಕಾಗದ ದುರಸ್ತಿ ಮಾಡುವುದನ್ನು ನಾನು ಕಲಿತದ್ದು ಜರ್ಮನಿಯ ಮ್ಯಾನ್‌ಹೈಮಿನಲ್ಲಿ, ಅದೂ ನಲವತ್ತು ದಾಟಿದ ಮೇಲೆ. ಕೆಲಸಕ್ಕೆ ಸೇರಿಸಿಕೊಂಡು ಕಲಿಸಿದವರು ಜಪಾನಿನಲ್ಲಿ ಹಲವು ವರ್ಷ ಇದ್ದು ಬಂದ ಜರ್ಮನ್ ಮೇಡಂ. ಮಾತು ಕಡಿಮೆ, ಕಣ್ಣು ಚುರುಕು. ಮೊದಲ ತಿಂಗಳು ನನಗೆ ಗೋಧಿ ಪಿಷ್ಟದ ಅಂಟು ಕಾಯಿಸುವುದೊಂದೇ ಕೆಲಸ. ಮೈಸೂರಿನಲ್ಲಿ ಪ್ರತಿ ಜೂನ್‌ನಲ್ಲೂ ಮೈದಾ ಅಂಟು ಕಾಯಿಸಿ ತಮ್ಮಂದಿರ ಪುಸ್ತಕಕ್ಕೆ ಬೈಂಡ್ ಹಾಕಿದ ಕೈ ಇದು ಎಂದು ಜಂಬದಿಂದ ಗಟ್ಟಿಯಾಗಿ ಕಾಯಿಸಿಟ್ಟೆ. ಮೇಡಂ ಎಲ್ಲವನ್ನೂ ಚೆಲ್ಲಿಸಿದರು. ಅಂಟು ಗಂಜಿತಿಳಿಯಂತೆ ತೆಳ್ಳಗಿರಬೇಕು. ನಾಳೆ ಇನ್ನೊಬ್ಬರು ತೇಪೆ ಬಿಚ್ಚಬೇಕೆಂದರೆ ಬಿಚ್ಚಲು ಬರಬೇಕು. ತೇಪೆಯ ಕಾಗದಕ್ಕೆ ಕತ್ತರಿ ತಾಗಿಸುವಂತಿಲ್ಲ. ಕುಂಚದಿಂದ ನೀರಿನ ಗೆರೆ ಎಳೆದು, ಅಂಚಿನ ನಾರು ಬಿಡಿಬಿಡಿಯಾಗಿ ನಿಲ್ಲುವಂತೆ ಮೆಲ್ಲಗೆ ಹರಿಯಬೇಕು. ಸಿಡುಕಿಯಾದ ನನಗೆ ಮೊದಮೊದಲು ಇದು ಶಿಕ್ಷೆ ಎನಿಸಿತ್ತು. ಆಮೇಲೆ ಯಾವಾಗಲೋ ಅದೇ ಸುಖವಾಯಿತು.

ಆರು ತಿಂಗಳ ಪ್ರೋಬೆಟ್ಸೈಟ್, ಅಂದರೆ ಪರೀಕ್ಷಾ ಅವಧಿ, ಮುಗಿಯುವ ಶುಕ್ರವಾರ ಮೊದಲ ಬಾರಿಗೆ ನಿಜವಾದ ಹಾಳೆ ಕೈಗೆ ಬಂತು. ಒಂದು ಹಳ್ಳಿಯ ಚರ್ಚಿನ ಮದುವೆ ರಿಜಿಸ್ಟರಿನದು. ನನ್ನನ್ನು ಇಟ್ಟುಕೊಳ್ಳುವುದೋ ಕಳಿಸುವುದೋ ಎಂದು ಮೇಡಂ ಅಂದು ಸಂಜೆ ಹೇಳುವವರಿದ್ದರು. ಹರಿದ ಅಂಚಿಗೆ ತೇಪೆ ಕೂರಿಸಿ, ಒಣಗಿಸಿಯೂ ಆಯಿತು. ಮೇಡಂ ಊಟಕ್ಕೆ ಹೋದರು. ನಾನು ಕುಂಚಕ್ಕೆ ಕೈ ಚಾಚಿದಾಗ ತೋಳು ತಾಗಿ ಹಾಳೆ ಜಾರಿತು, ನೆಟ್ಟಗೆ ನನ್ನ ಕಾಲ ಮೇಲೆ ಬಿತ್ತು.

ಕಾಗದಕ್ಕೆ ಕಾಲು ತಾಗಿದರೆ ನಮ್ಮವರು ಏನು ಮಾಡುತ್ತಾರೆ? ಯೋಚಿಸುವ ಮೊದಲೇ ಎತ್ತಿ ಕಣ್ಣಿಗೆ ಒತ್ತಿಕೊಂಡಿದ್ದೆ. ಶುಕ್ರವಾರವಲ್ಲವೇ, ಬೆಳಿಗ್ಗೆ ದೀಪ ಹಚ್ಚಿ ಹಣೆಗೆ ಕುಂಕುಮ ಇಟ್ಟುಕೊಂಡು ಬಂದಿದ್ದೆ. ಹಾಳೆಯ ಮೂಲೆಯಲ್ಲಿ ಕೆಂಪು! ಮೆತ್ತನೆಯ ಬ್ರಷ್ ಆಡಿಸಿದೆ. ಬಹುಪಾಲು ಹೋಯಿತು, ತಿಳಿಗೆಂಪು ಉಳಿಯಿತು.

ಗಂಡನಿಗೆ ಫೋನ್ ಮಾಡಿ ಆದದ್ದು ಹೇಳಿದೆ.

"ಯಾರಾದ್ರೂ ನೋಡಿದ್ರಾ?"

"ಇಲ್ಲ ರೀ."

"ಮತ್ತೇನು, ಸುಮ್ನಿದ್ಬಿಡೇ. ಹಳೇ ಪೇಪರ್, ಯಾವ್ದೋ ಸ್ಟೇನ್ ಅನ್ಕೋತಾರೆ. ಫಸ್ಟು ಪ್ರೋಬೆಟ್ಸೈಟ್ ಮುಗೀಲಿ."

ಹೌದಲ್ಲ ಎನಿಸಿತು. ಅಷ್ಟರಲ್ಲಿ ಮೇಡಂ ಬಂದು, "ಎಲ್ಲ ಸರಿಯಿದೆಯಾ?" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಹಣೆ ಮುಟ್ಟಿಕೊಂಡೆ.

ಪ್ರತಿ ಹಾಳೆಗೂ ಒಂದು ವರದಿ ಬರೆಯಬೇಕು. ‘ಹಾನಿಗೆ ಕಾರಣ’ ಎಂಬಲ್ಲಿ ಬೆಳಿಗ್ಗೆಯೇ ‘ತೇವ, ಹುಳು’ ಎಂದು ಬರೆದಿದ್ದೆ. ಅದನ್ನು ಮತ್ತೆ ಓದಿದೆ. ಈ ಕೆಲಸ ಬಿಟ್ಟು ಮನೆಯಲ್ಲಿ ಕೂರುವುದು ನನ್ನಿಂದಾಗದು. ಆದರೆ ನಾನೇ ಇಲ್ಲಿ ಮುಚ್ಚಿಟ್ಟರೆ, ಮುಂದೆ ಈ ತೇಪೆ ಬಿಚ್ಚುವವರು ಯಾವುದನ್ನು ನಂಬಬೇಕು? ಜರ್ಮನ್ ಭಾಷೆಯಲ್ಲಿ ಪದ ಹೊಳೆಯಲಿಲ್ಲ. ಮೂರನೆಯ ಕಾರಣವೆಂದು ‘ನಮಸ್ಕಾರ’ ಎಂದೇ ಅವರ ಲಿಪಿಯಲ್ಲಿ ಬರೆದು ಕೊಟ್ಟೆ.

ಮೇಡಂ ಓದಿ, "ಇದೇನು?" ಎಂದರು. ಒಂದು ರದ್ದಿ ಕಾಗದವನ್ನು ನೆಲಕ್ಕೆ ಹಾಕಿ, ಕಾಲು ತಾಗಿಸಿ, ಎತ್ತಿ ಕಣ್ಣಿಗೊತ್ತಿ ತೋರಿಸಿದೆ. ಅವರು ನಗಲಿಲ್ಲ. ಕನ್ನಡಕ ಏರಿಸಿ ಆ ಮೂಲೆಯನ್ನು ನೋಡಿದರು. ವರದಿಯ ಕೆಳಗೆ ಸಹಿ ಹಾಕಿದರು.

"ಸೋಮವಾರದಿಂದ ಹಣೆ ತೊಳೆದುಕೊಂಡು ಬನ್ನಿ. ಈ ರಿಜಿಸ್ಟರಿನಲ್ಲಿ ಇನ್ನೂ ತುಂಬ ಹಾಳೆಗಳಿವೆ, ಎಲ್ಲ ನೀವೇ ಮಾಡಬೇಕು."

ನನಗೆ ಅಳು ತಡೆಯಲಾಗಲಿಲ್ಲ. ಮೇಡಂ ತಟ್ಟನೆ ಹಾಳೆಯನ್ನು ನನ್ನಿಂದ ದೂರಕ್ಕೆ ಸರಿಸಿಕೊಂಡರು.